ನೆತ್ತಿಯ ವಾಸನೆ

ಗಿರಾಕಿಯ ಮುಖ ಹಿಂದಕ್ಕೆ ಸರಿದದ್ದು ಕೂದಲೆಳೆಯಷ್ಟು. ಬೇರೆ ಯಾರೂ ಅದನ್ನು ಗಮನಿಸುತ್ತಿರಲಿಲ್ಲ. ಆದರೆ ಅವಳ ಕೆಲಸವೇ ಕೂದಲೆಳೆಯ ಲೆಕ್ಕದ್ದು. ಕನ್ನಡಕದ ಅಂಗಡಿಯಲ್ಲಿ ಕೂತು, ಎದುರಿಗಿರುವವರ ಪಾಪೆಯಿಂದ ಪಾಪೆಗೆ ಎಷ್ಟು ಅಂತರ, ಮೂಗಿನ ದಿಂಡು ಎಷ್ಟು ಅಗಲ, ಯಾವ ಕಿವಿ ಯಾವುದಕ್ಕಿಂತ ಮೇಲೆ ಎಂದು ಅಳೆದು, ಫ್ರೇಮನ್ನು ಬಿಸಿಮರಳಿನ ಬಟ್ಟಲಲ್ಲಿಟ್ಟು ಮೆದುವಾಗಿಸಿ, ಕಡ್ಡಿಗಳನ್ನು ಬಗ್ಗಿಸಿ ಮುಖಕ್ಕೆ ಕೂರಿಸುವುದು. ಅದಕ್ಕಾಗಿ ಅವಳ ಮುಖ ದಿನವಿಡೀ ಅಪರಿಚಿತರ ಮುಖಗಳ ಹತ್ತಿರ, ಗಂಡನ ಮುಖದ ಹತ್ತಿರವೂ ಹೋಗದಷ್ಟು ಹತ್ತಿರ ಹೋಗಬೇಕು. ಈಹೊತ್ತಿನ ಗಿರಾಕಿ ಒಬ್ಬ ವಕೀಲ, ಮೃದುಮಾತಿನ ಮನುಷ್ಯ. ಅವಳು ಬಾಗಿ ಮೂಗಿನ ಮೆತ್ತೆಗಳನ್ನು ಸರಿಪಡಿಸುವಾಗ ಅವನು ಉಸಿರು ಹಿಡಿದುಕೊಂಡ. ಹಿಡಿದ ಉಸಿರನ್ನು ಅವಳು ನೂರು ಜನರಲ್ಲಿ ನೋಡಿದ್ದಾಳೆ: ಹೊಳ್ಳೆಗಳು ಅಲ್ಲಾಡದೆ ನಿಲ್ಲುತ್ತವೆ, ಕತ್ತಿನ ನರ ಬಿಗಿಯುತ್ತದೆ, ಕಣ್ಣು ಗೋಡೆಯ ಮೇಲೆ ಏನನ್ನೋ ಹುಡುಕುತ್ತದೆ. ಮಾಸ್ಕಿನ ಮೇಲೆ ಮಾಸ್ಕ್ ಹಾಕಿದ್ದಳು, ನಾಲಿಗೆಯಡಿಯಲ್ಲಿ ಲವಂಗ ಇಟ್ಟುಕೊಂಡಿದ್ದಳು. ಆದರೂ. ತನ್ನ ಮೂಗಿನಿಂದ ಏನು ಹೊರಬರುತ್ತದೆ ಎನ್ನುವುದು ಊರಿಗೆಲ್ಲ ಗೊತ್ತು, ತನಗೊಬ್ಬಳಿಗೆ ಗೊತ್ತಿಲ್ಲ ಎಂದುಕೊಂಡು ಅವಳು ಬೇಗ ಬೇಗ ಕಡ್ಡಿ ಬಗ್ಗಿಸಿದಳು. ಬೇಗ ಮಾಡಿದ್ದಕ್ಕೆ ಕನ್ನಡಕ ಒಂದು ಕಡೆ ವಾಲಿತು. ಮತ್ತೆ ಬಾಗಬೇಕಾಯಿತು.

ವಾಸನೆ ಹೋದದ್ದು ಬಸುರಿಯಾಗಿದ್ದಾಗ. ಒಂದು ನೆಗಡಿ ಬಂತು, ನೆಗಡಿ ಹೋಯಿತು, ಹೋಗುವಾಗ ವಾಸನೆಯನ್ನೂ ಎತ್ತಿಕೊಂಡು ಹೋಯಿತು. ಎಲ್ಲರೂ ಬರುತ್ತದೆ ಬಿಡು ಎಂದರು. ಕೆನ್ನೆಯ ಮೂಳೆಯ ಹಿಂದೆ ಭಾರ, ಹುಬ್ಬಿನ ನಡುವೆ ನೋವು, ಬಗ್ಗಿದರೆ ತಲೆಯೊಳಗೆ ನೀರಿನ ಕೊಡ ತುಳುಕಿದಂತೆ. ಸೈನಸ್ ಎಂದು ಒಬ್ಬರು ಹೇಳಿದರು, ಅಲರ್ಜಿ ಎಂದು ಇನ್ನೊಬ್ಬರು. ಮಗಳು ಹುಟ್ಟಿದಾಗಲೂ ವಾಸನೆ ಬಂದಿರಲಿಲ್ಲ. ನೋಡಲು ಬಂದ ಹೆಂಗಸರೆಲ್ಲ ಮಗುವನ್ನು ಎತ್ತಿ, ಹೇಳಿಕೊಟ್ಟ ಹಾಗೆ ಎಲ್ಲರೂ ನೆತ್ತಿಗೆ ಮೂಗು ಹಚ್ಚಿ ಕಣ್ಣು ಮುಚ್ಚುತ್ತಿದ್ದರು. ಅವರ ಮುಖದಲ್ಲಿ ಏನೋ ಸಡಿಲವಾಗುವುದನ್ನು ಅವಳು ಮಂಚದ ಮೇಲಿಂದ ನೋಡುತ್ತಿದ್ದಳು. ಅವರು ಹೋದ ಮೇಲೆ ತಾನೂ ಹಾಗೆಯೇ ಮೂಗು ಹಚ್ಚಿ, ಕಣ್ಣು ಮುಚ್ಚಿ, ಕಾಯುತ್ತಿದ್ದಳು. ನೆತ್ತಿ ಬೆಚ್ಚಗಿತ್ತು, ಮೆತ್ತಗಿತ್ತು, ಅದರಡಿಯಲ್ಲಿ ನಾಡಿ ಮಿಡಿಯುತ್ತಿತ್ತು. ಅಷ್ಟೇ. ಗೋಡೆಯಾಚೆ ಸಂಗೀತ ನಡೆಯುತ್ತಿದ್ದರೆ ಗೋಡೆಗೆ ಅಂಗೈ ಇಟ್ಟು ಅದರ ನಡುಕವನ್ನಷ್ಟೇ ಹಿಡಿದ ಹಾಗೆ. ಹೇಗಿರುತ್ತದೆ ಎಂದು ಗಂಡನನ್ನು ಕೇಳಿದಳು. ಅವನು ಲಿಫ್ಟ್ ರಿಪೇರಿಯವನು, ದಿನಕ್ಕೆ ಆಡುವ ಮಾತನ್ನು ಬೆರಳಲ್ಲಿ ಎಣಿಸಬಹುದಾದ ಮನುಷ್ಯ. ಮಗುವನ್ನು ಮೂಸಿ, ಬಹಳ ಹೊತ್ತು ಯೋಚಿಸಿ, ಮಗುವಿನ ಥರಾನೇ ಇದೆ ಎಂದ. ಆಗ ಅವನ ಮೇಲೆ ಬಂದ ಸಿಟ್ಟು ಎಷ್ಟೋ ವರ್ಷ ಆರಲಿಲ್ಲ. ಅವನು ತಪ್ಪೇನೂ ಹೇಳಿರಲಿಲ್ಲ ಎಂದು ಗೊತ್ತಿದ್ದರೂ.

ಮಗಳಿಗೆ ಮಾತು ಚೆನ್ನಾಗಿ ಬಂದ ಮೇಲೆ, ಇನ್ನೂ ಸ್ಕೂಲಿಗೆ ಸೇರದ ಕಾಲಕ್ಕೆ, ಒಂದು ಮಧ್ಯಾಹ್ನ ಅವಳು ಮಗಳ ಪಕ್ಕ ಮಲಗಿ ಕಥೆ ಹೇಳುತ್ತಿದ್ದಳು. ಅರ್ಧದಲ್ಲಿ ಮಗಳು ಅವಳ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆಗೆ ತಿರುಗಿಸಿ, ಕೋಪವೇನೂ ಇಲ್ಲದೆ, ಅಮ್ಮಾ, ನಿನ್ನ ಮೂಗಲ್ಲಿ ಇಲಿ ಸತ್ತಿದೆ ಎಂದಿತು. ಹಾಗೆ ತಿರುಗಿಕೊಂಡೇ ಕಥೆ ಮುಂದುವರಿಸು ಎಂದೂ ಹೇಳಿತು. ಅವಳು ಗೋಡೆಗೆ ಮುಖ ಮಾಡಿಕೊಂಡೇ ಕಥೆ ಮುಗಿಸಿದಳು. ರಾಜಕುಮಾರಿ ಬದುಕಿದಳೋ ಸತ್ತಳೋ ಈಗ ನೆನಪಿಲ್ಲ, ಗೋಡೆಯ ಸುಣ್ಣ ಎಲ್ಲಿ ಬಿರುಕು ಬಿಟ್ಟಿತ್ತು ಎನ್ನುವುದು ನೆನಪಿದೆ. ಮಕ್ಕಳ ಬಾಯಿಗೆ ಬೀಗವಿಲ್ಲ, ಸುಳ್ಳೂ ಇಲ್ಲ. ಆಮೇಲಿಂದ ಮಗಳು ಓಡಿ ಬಂದು ತಬ್ಬಿಕೊಂಡಾಗಲೆಲ್ಲ ಅವಳ ಕತ್ತು ತಾನಾಗಿಯೇ ಪಕ್ಕಕ್ಕೆ ಹೊರಳುತ್ತಿತ್ತು. ಜಡೆ ಹೆಣೆಯುವಾಗ ತೋಳು ಚಾಚಿ ಹೆಣೆಯುತ್ತಿದ್ದಳು. ಜ್ವರ ಬಂದರೆ ಹಣೆಗೆ ಕೈಯಿಟ್ಟು ನೋಡುತ್ತಿದ್ದಳೇ ಹೊರತು ಕೆನ್ನೆಯಿಟ್ಟಲ್ಲ. ಮುದ್ದು ಬಂದಾಗ ಮಗುವಿನ ಬೆನ್ನು ತಟ್ಟುತ್ತಿದ್ದಳು, ದೂರದ ನೆಂಟರ ಮಗುವನ್ನು ತಟ್ಟುವ ಹಾಗೆ. ಈಗ ಮಗಳಿಗೆ ಹದಿನೈದು. ತಬ್ಬಿಕೊಳ್ಳಲು ಓಡಿ ಬರುವ ವಯಸ್ಸು ಎಂದೋ ಕಳೆದಿದೆ. ಮುಂಜಾನೆ ಅರ್ಧ ಗಂಟೆ, ಸಂಜೆ ಓಟದ ಅಭ್ಯಾಸದಿಂದ ಬಂದ ಮೇಲೆ ಮತ್ತೆ ಅಷ್ಟೇ ಹೊತ್ತು ಬಚ್ಚಲಲ್ಲಿರುತ್ತಾಳೆ. ಹೋದ ಜನ್ಮದಲ್ಲಿ ಮೀನಾಗಿದ್ದಿರಬೇಕು ಎಂದು ಅವಳಪ್ಪ ತನ್ನ ಬೆರಳೆಣಿಕೆಯ ಮಾತುಗಳಲ್ಲಿ ಒಂದನ್ನು ಅದಕ್ಕೆ ಖರ್ಚು ಮಾಡುತ್ತಾನೆ.

ವಕೀಲ ಕನ್ನಡಕ ಹಾಕಿಕೊಂಡು, ತಲೆಯನ್ನು ಮೇಲೆ ಕೆಳಗೆ ಆಡಿಸಿ, ಚೆನ್ನಾಗಿ ಕೂತಿದೆ ಎಂದು ಹೇಳಿ ಹೋದ. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಹೋದ ತಿಂಗಳು ಮೂಗಿಗೆ ಮಾಡಿದ ಆಪರೇಷನ್ನಿನ ದಿನ ತೆಗೆದ ಸ್ಯಾಂಪಲ್ಲುಗಳ ಫಲಿತಾಂಶ ಬಂದಿದೆ, ಇವತ್ತೇ ಬರಲಾದರೆ ಒಳ್ಳೆಯದು. ಅಂಗಡಿಯ ಯಜಮಾನನನ್ನು ಮಧ್ಯಾಹ್ನದ ರಜೆ ಕೇಳಿದಾಗ ಅವನು ಹಲ್ಲುಕಡ್ಡಿ ಆಡಿಸುತ್ತ, ಮೂಗಿದ್ದೋರಿಗೆಲ್ಲ ನೆಗಡಿ ಇದ್ದದ್ದೇ, ನೆಗಡಿಗೆ ಹೆದರಿ ಮೂಗೇ ಕೊಯ್ಸಿಕೊಂಡ್ಯಲ್ಲಮ್ಮ ಎಂದು ತಮಾಷೆ ಮಾಡಿದ. ಕೊಯ್ಸಿಕೊಂಡದ್ದು ಮೂಗಲ್ಲ, ಮೂಗಿನೊಳಗೆ ದ್ರಾಕ್ಷಿಗೊಂಚಲಿನ ಹಾಗೆ ಬೆಳೆದಿದ್ದ ಗಂಟುಗಳನ್ನು ಎಂದು ಅವಳು ಹೇಳಲಿಲ್ಲ. ಅವನು ಕೆಟ್ಟವನಲ್ಲ. ಆದರೆ ಅವಳ ಜೊತೆ ಮಾತಾಡುವಾಗ ಗಲ್ಲಾಪೆಟ್ಟಿಗೆಯ ಆಚೆಯೇ ನಿಂತಿರುತ್ತಾನೆ. ಯಾವಾಗಿನಿಂದ ಹಾಗೆ ನಿಲ್ಲುತ್ತಾನೆ, ಮೊದಲಿಂದಲೇ ಹಾಗೋ? ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಗಾಜನ್ನು ಪೂರ್ತಿ ಸರಿಸಿ ಅವಳು ಅದನ್ನೇ ಯೋಚಿಸಿದಳು. ಮಳಿಗೆಗಳು, ಮರಗಳು, ಬಟ್ಟೆ ಒಣಹಾಕಿದ ಮಹಡಿಗಳು ಹಾದುಹೋದವು. ಅವಕ್ಕೆಲ್ಲ ಒಂದೊಂದು ವಾಸನೆ ಇರಬೇಕು. ಗಾಜಿನ ಹಿಂದಿಟ್ಟ ಹಾಗಿತ್ತು ಎಲ್ಲ, ಗಾಜು ಸರಿಸಿದ್ದರೂ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಆಪರೇಷನ್ ಮಾಡಿದವರು ಹಿರಿಯರು. ಇವಳು ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿರುವವಳು. ವರ್ಷಗಟ್ಟಲೆ ಸೈನಸ್ಸಿನಿಂದ ನರಳುವವರ ಮುಖದ ಕುಳಿಗಳಲ್ಲಿ ಎಂಥೆಂಥ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡಿರುತ್ತವೆ, ಒಂದು ಕುಳಿಯಲ್ಲಿ ಇರುವಂಥವೇ ಪಕ್ಕದ ಕುಳಿಯಲ್ಲೂ ಇರುತ್ತವೆಯೇ ಎಂದು ನೋಡುವುದು ಅವಳ ಕೆಲಸ. ಅದಕ್ಕಾಗಿ ಆಪರೇಷನ್ನಿನ ಹೊತ್ತಿನಲ್ಲಿ ಎರಡು ಕೆನ್ನೆಯ ಕುಳಿಗಳಿಂದ, ಹಣೆಯಿಂದ, ಕಣ್ಣುಗಳ ನಡುವಿನ ಜೇನುಹುಟ್ಟಿನಂಥ ಜಾಗದಿಂದ ಬೇರೆ ಬೇರೆಯಾಗಿ ಹತ್ತಿಕಡ್ಡಿಯಲ್ಲಿ ತೆಗೆದಿಟ್ಟುಕೊಂಡಿದ್ದಳು. ಪರದೆಯ ಮೇಲೆ ಬಣ್ಣದ ಕಂಬಗಳನ್ನು ತೋರಿಸಿದಳು. ಪ್ರತಿ ಕಂಬವೂ ಮುಖದ ಒಂದು ಜಾಗ. ಪ್ರತಿ ಬಣ್ಣವೂ ಒಂದು ಜಾತಿ. ಕಣ್ಣುಗಳ ನಡುವಿನದೂ ಹಣೆಯದೂ ಎಲ್ಲರಿಗೂ ಇರುವಂಥ ಬೆರಕೆ. ಎಡಗೆನ್ನೆಯದು ಇನ್ನೊಂದು ಥರ. ಬಲಗೆನ್ನೆಯ ಕಂಬ ಬುಡದಿಂದ ತುದಿವರೆಗೆ ಹೆಚ್ಚುಕಡಿಮೆ ಒಂದೇ ಬಣ್ಣ, ಕಡುಗಂದು.

“ಎಷ್ಟೋ ಜನರಲ್ಲಿ ಎಲ್ಲ ಕಡೆನೂ ಒಂದೇ ಥರ ಇರತ್ತೆ,” ಎಂದಳು ಡಾಕ್ಟರು. “ಕೆಲವರಲ್ಲಿ ಮಾತ್ರ ಹೀಗೆ. ನಿಮ್ಮ ಎರಡು ಕೆನ್ನೆ ನೋಡಿದ್ರೆ ಎರಡು ಬೇರೆ ಬೇರೆ ಮನುಷ್ಯರದ್ದೇನೋ ಅನ್ಸತ್ತೆ. ಇಷ್ಟು ವರ್ಷ ಎಲ್ಲರೂ ಮೂಗಿನ ಮುಂಭಾಗದಿಂದ ತೆಗೆದು ನೋಡಿ ಔಷಧಿ ಕೊಟ್ಟಿದಾರೆ. ಬಾಗಿಲಲ್ಲಿ ನಿಂತೋರನ್ನ ನೋಡಿ ಒಳಗಡೆ ಯಾರಿದಾರೆ ಅಂತ ಹೇಳಿದ ಹಾಗೆ ಅದು.”

ಬಲಗೆನ್ನೆಯಲ್ಲಿರುವುದು ಗಾಳಿ ಬೇಡದ ಜಾತಿ, ಮುಚ್ಚಿದ ಜಾಗದಲ್ಲಿ ಕೊಳೆಸುವಂಥದು ಎಂದು ಡಾಕ್ಟರು ವಿವರಿಸಿದಳು. ಈಗ ಕುಳಿಯ ಬಾಯಿ ತೆರೆದಿರುವುದರಿಂದ ಗಾಳಿ ಆಡುತ್ತದೆ, ಬೇರೆ ಮಾತ್ರೆ ಕೊಡುತ್ತೇನೆ, ಉಪ್ಪುನೀರಿನಲ್ಲಿ ಔಷಧಿ ಬೆರೆಸಿ ಬಲಗಡೆಗೇ ಹೋಗುವ ಹಾಗೆ ತಲೆ ವಾಲಿಸಿ ತೊಳೆಯಬೇಕು. ಇವುಗಳಲ್ಲಿ ಯಾವುದು ಕಾಯಿಲೆ ತಂದದ್ದು, ಯಾವುದು ಕಾಯಿಲೆ ಬಂದ ಮೇಲೆ ಜಾಗ ಸಿಕ್ಕಿತೆಂದು ಬಂದು ಸೇರಿದ್ದು ಎನ್ನುವುದು ತಮಗೆ ಇನ್ನೂ ಗೊತ್ತಿಲ್ಲ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದಳು. ವಾಸನೆ ವಾಪಸು ಬರುತ್ತದೆಯೇ ಎಂದು ಕೇಳಿದ್ದಕ್ಕೆ ಮಾತು ಕೊಡಲಾರೆ ಎಂದಳು ಡಾಕ್ಟರು. ಅವಳು ತಲೆಯಾಡಿಸಿದಳು. ಎದ್ದು ನಿಂತಳು. ಮತ್ತೆ ಕೂತಳು. ಎಲ್ಲ ಡಾಕ್ಟರುಗಳ ಎದುರಿಗೂ ಗಂಟಲವರೆಗೆ ಬಂದು ಹಿಂದೆ ಹೋಗುತ್ತಿದ್ದ ಪ್ರಶ್ನೆ ಇವತ್ತು ಹೊರಗೆ ಬಂತು.

“ನನ್ನಿಂದ ನಾತ ಬರತ್ತಾ, ಡಾಕ್ಟ್ರೇ?”

ಡಾಕ್ಟರು ತನ್ನ ಮಾಸ್ಕ್ ಕೆಳಗೆಳೆದಳು. ಅವಳ ಮಾಸ್ಕನ್ನೂ ತೆಗೆಯಹೇಳಿ, ಮೇಜಿನ ಮೇಲಿಂದ ಬಾಗಿ, ಮುಖದ ತೀರ ಹತ್ತಿರ ಬಂದು ಉಸಿರೆಳೆದುಕೊಂಡಳು. ಇಷ್ಟು ವರ್ಷಗಳಲ್ಲಿ ಬೇಕೆಂದೇ ಯಾರೂ ಅಷ್ಟು ಹತ್ತಿರ ಬಂದಿರಲಿಲ್ಲ. ಡಾಕ್ಟರ ರೆಪ್ಪೆಯ ಕೂದಲುಗಳು ಒಂದೊಂದಾಗಿ ಕಾಣುತ್ತಿದ್ದವು. ಅವಳಿಗೆ ಎದ್ದು ಓಡಬೇಕೆನ್ನಿಸಿತು.

“ಆಪರೇಷನ್ ದಿನ ಇತ್ತು, ಚೆನ್ನಾಗೇ ಇತ್ತು,” ಎಂದಳು ಡಾಕ್ಟರು ಹಿಂದಕ್ಕೆ ಸರಿದು. “ಈಗ ಇಲ್ಲ. ಲವಂಗದ ವಾಸನೆ ಬರ್ತಿದೆ ಅಷ್ಟೇ.”

ಬೆಳಗ್ಗೆ ಒಬ್ಬರು ಉಸಿರು ಹಿಡಿದುಕೊಂಡರು ಎಂದು ಅವಳು ವಾದಿಸುವವಳಂತೆ ಹೇಳಿದಳು. ಮುಖದ ಹತ್ತಿರ ಯಾರೇ ಬಂದರೂ ಜನ ಉಸಿರು ಹಿಡಿಯುತ್ತಾರೆ, ಈಗ ನಾನು ಬಾಗಿದಾಗ ನೀವೂ ಹಿಡಿದಿರಿ ಎಂದಳು ಡಾಕ್ಟರು. ಹೊರಗೆ ಬಂದು ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು ಅವಳು ಆ ಮಾತನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿದಳು. ಹಾಗಾದರೆ ಎಷ್ಟು ಜನ? ಯಾರ ಯಾರ ಉಸಿರು ನಿಜವಾಗಿ ತನ್ನಿಂದಾಗಿ ನಿಂತಿತ್ತು, ಯಾರದ್ದು ಸುಮ್ಮನೆ? ಅದನ್ನು ಬೇರ್ಪಡಿಸುವುದು ಇನ್ನು ಯಾರಿಂದಲೂ ಆಗದು. ಬಲಗೆನ್ನೆಯನ್ನು ಬೆರಳಿನಿಂದ ಒತ್ತಿದಳು. ಇಷ್ಟು ಚಿಕ್ಕ ಮುಖದಲ್ಲಿ, ಎರಡು ಬೆರಳಗಲದ ಮೂಳೆಯ ಆಚೆ ಈಚೆ, ಒಂದನ್ನೊಂದು ಕಾಣದ ಎರಡು ಸಂತೆಗಳು ನಡೆಯುತ್ತಿದ್ದವು. ನಡುವೆ ಕೂತ ತಾನು ಒಂದೇ ತಲೆನೋವು ಎಂದುಕೊಂಡು ಮಾತ್ರೆ ನುಂಗುತ್ತಿದ್ದಳು.

ಅಲ್ಲಿರುವಾಗಲೇ ಮಗಳ ಸ್ಕೂಲಿನ ಟೀಚರ ಫೋನು ಬಂದದ್ದು. ಟೀಚರು ಸುತ್ತಿ ಬಳಸಿ ಮಾತಾಡಿದಳು. ಹುಡುಗಿ ಒಳ್ಳೆಯವಳು, ಓಟದಲ್ಲಿ ಮುಂದು, ಓದಿನಲ್ಲೂ ಪರವಾಗಿಲ್ಲ. ಆದರೆ ಅವಳು ಹಾಕಿಕೊಂಡು ಬರುವ ಸೆಂಟು ಬಹಳ ಜೋರು. ಪಕ್ಕದಲ್ಲಿ ಕೂರುವವರಿಗೆ ತಲೆನೋವು ಬರುತ್ತಿದೆ, ಒಬ್ಬಳು ವಾಂತಿ ಮಾಡಿಕೊಂಡಳು. ಈಗ ನಿಮ್ಮ ಮಗಳು ಒಬ್ಬಳೇ ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ಹೇಳಿದರೆ ಕೇಳುವುದಿಲ್ಲ, ಬಿಡುವಿನಲ್ಲಿ ಮತ್ತೆ ಹಾಕಿಕೊಳ್ಳುತ್ತಾಳೆ. ಮನೆಯಲ್ಲಿ ನಿಮಗೂ ಗೊತ್ತಾಗಿರುತ್ತದಲ್ಲ ಎಂದು ಟೀಚರು ಕೇಳಿದಾಗ ಹೂಂ ಎಂದುಬಿಟ್ಟಳು. ಗೊತ್ತಾಗಿರಲಿಲ್ಲ. ಮಗಳ ಕಪಾಟಿನಲ್ಲಿ ಸೀಸೆಗಳು ಹೆಚ್ಚುತ್ತಿದ್ದುದನ್ನು ಕಂಡಿದ್ದಳು. ವಯಸ್ಸು, ಶೋಕಿ, ಯಾರಾದರೂ ಹುಡುಗ ಇರಬಹುದು ಎಂದುಕೊಂಡಿದ್ದಳು. ಮಗಳು ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂತಿರುವ ಚಿತ್ರ ಬಸ್ಸಿನುದ್ದಕ್ಕೂ ಅವಳ ಜೊತೆ ಬಂತು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಒಬ್ಬಾಕೆ ನಿಂತೇ ಇದ್ದಳು. ಈಗ ಅದರ ಅರ್ಥ ಏನೆಂದು ಅವಳಿಗೆ ತಿಳಿಯಲಿಲ್ಲ.

ಮನೆಗೆ ಬಂದಾಗ ಗಂಡ ಇನ್ನೂ ಬಂದಿರಲಿಲ್ಲ. ಮಗಳು ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ಲು ಸುತ್ತಿ, ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ಬೈಯಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಆ ಟವೆಲ್ಲನ್ನು ನೋಡಿ ಚೆದುರಿದವು. ಟೀಚರು ಫೋನು ಮಾಡಿದ್ದಳು ಎಂದಷ್ಟೇ ಹೇಳಿದಳು. ಮಗಳು ತಲೆಯೆತ್ತಲಿಲ್ಲ. ಸೆಂಟು ಕಡಿಮೆ ಹಾಕಿಕೋಬಾರದೇ ಎಂದು ಅವಳು ಕೇಳಿದಳು. ಯಾರನ್ನಾದರೂ ಮೆಚ್ಚಿಸಬೇಕು ಅಂತಲೇ ಎಂದು ಕೇಳಿದ ಮೇಲೆ ಮಗಳು ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದಳು. ನಗು ಬರುವ ಹಾಗಿತ್ತು ಮುಖ, ನಗು ಬರಲಿಲ್ಲ.

“ನೀನೇ ಮುಖ ತಿರುಗಿಸ್ತಿದ್ದೆ,” ಎಂದಳು ಮಗಳು. “ಚಿಕ್ಕೋಳಿದ್ದಾಗಿಂದ. ನಾನು ಹತ್ರ ಬಂದ್ರೆ ಸಾಕು, ಆ ಕಡೆ ತಿರುಗ್ತಿದ್ದೆ. ನಾನು ನಾರ್ತೀನಿ ಅಂದ್ಕೊಂಡೆ.”

ನನಗೆ ವಾಸನೆಯೇ ಬರುವುದಿಲ್ಲವಲ್ಲ, ನಿನಗೆ ಗೊತ್ತಲ್ಲ ಎಂದು ಅವಳು ತೊದಲಿದಳು.

“ಗೊತ್ತು. ಆಮೇಲೆ ಗೊತ್ತಾಯ್ತು. ಅದಕ್ಕೇ ಇನ್ನೂ ಭಯ ಆಯ್ತು. ವಾಸನೆನೇ ಬರದೇ ಇರೋ ನಿನಗೇ ಹಾಗನ್ಸಿದ್ರೆ, ಬೇರೆಯೋರಿಗೆ ಹೇಗಿರಬೇಡ ಅಂತ.”

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಹೊರಗೆ ಯಾರೋ ಗಾಡಿ ಸ್ಟಾರ್ಟ್ ಮಾಡಲು ಒದ್ದರು, ಒದ್ದರು, ಅದು ಹೊತ್ತಿಕೊಳ್ಳಲಿಲ್ಲ. ಮಗಳು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಮಗುವಿನ ತರ್ಕ ಅದು, ಬೆಳೆದರೂ ಬಿಟ್ಟುಹೋಗದೆ ಒಳಗೇ ಉಳಿದದ್ದು. ಇವಳು ಬಚ್ಚಲಿನಲ್ಲಿ ತಿಕ್ಕಿ ತಿಕ್ಕಿ ತೊಳೆದುಕೊಳ್ಳುವಾಗ ತಾನು ಇಲ್ಲಿ ನೀರಿನ ಸದ್ದು ಕೇಳುತ್ತ ತರಕಾರಿ ಹೆಚ್ಚುತ್ತಿದ್ದಳು. ನಾತ ನಿನ್ನದಲ್ಲ, ನನ್ನದು, ನನ್ನ ಮೂಗಿನದು, ನಿನಗೆ ಬಡಿಯಬಾರದು ಅಂತ ತಿರುಗುತ್ತಿದ್ದೆ ಎಂದಳು. ಬಲಗೆನ್ನೆಯ ವಿಷಯ, ಬಣ್ಣದ ಕಂಬಗಳ ವಿಷಯ, ಡಾಕ್ಟರು ಬಾಗಿ ಮೂಸಿದ್ದು ಎಲ್ಲ ಹೇಳಿದಳು. ಮಗಳು ಕೇಳಿಸಿಕೊಂಡಳು. ನಂಬಿದಳೋ ಇಲ್ಲವೋ ಗೊತ್ತಾಗುವ ಹಾಗಿರಲಿಲ್ಲ.

“ನಾತ ಬರತ್ತೆ ಅಂತ ನಿನಗೆ ಯಾರು ಹೇಳಿದ್ದು?” ಎಂದು ಕೇಳಿದಳು ಮಗಳು.

ಮಗಳಿಗೆ ನೆನಪಿರಲಿಲ್ಲ. ಕಣ್ಣಲ್ಲಿ ಏನೂ ಇರಲಿಲ್ಲ, ಬರಿಯ ಪ್ರಶ್ನೆ. ಗಲ್ಲ ಹಿಡಿದಿದ್ದ ಆ ಎರಡು ಪುಟ್ಟ ಕೈಗಳು ಈಗ ಉಗುರು ಕಚ್ಚಿಕೊಂಡ ಉದ್ದ ಬೆರಳುಗಳಾಗಿ ಪುಸ್ತಕದ ಮೇಲಿದ್ದವು.

“ಯಾರೂ ಹೇಳಲಿಲ್ಲ. ನಾನೇ ಅಂದ್ಕೊಂಡೆ,” ಎಂದಳು ಅಮ್ಮ.

ಅದಾದ ಮೇಲೆ ಎಲ್ಲ ಒಮ್ಮೆಗೇ ಸರಿಹೋಯಿತೆಂದಲ್ಲ. ಮಗಳ ಸ್ನಾನ ಹಾಗೆಯೇ ನಡೆಯಿತು. ಸೀಸೆಗಳು ಕಪಾಟಿನಲ್ಲೇ ಇದ್ದವು. ಆದರೆ ಟೀಚರ ಫೋನು ಮತ್ತೆ ಬರಲಿಲ್ಲ. ಅವಳು ಬೆಳಗ್ಗೆ ಸಂಜೆ ಬಚ್ಚಲ ತೊಟ್ಟಿಯ ಮುಂದೆ ಬಾಗಿ, ತಲೆಯನ್ನು ಬಲಕ್ಕೆ ವಾಲಿಸಿ, ಔಷಧಿ ಬೆರೆತ ಉಪ್ಪುನೀರನ್ನು ಮೂಗಿಗೆ ಬಿಡುತ್ತಿದ್ದಳು. ಉರಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಮೊದಮೊದಲು ಹೊರಗೆ ಬಂದದ್ದನ್ನು ನೋಡಲಾಗುತ್ತಿರಲಿಲ್ಲ, ಬರಬರುತ್ತ ನೀರು ತಿಳಿಯಾಯಿತು. ಕೆನ್ನೆಯ ಭಾರ ಇಳಿಯಿತು. ಆಸೆ ಪಟ್ಟುಕೊಳ್ಳಬಾರದೆಂದು ತನಗೆ ತಾನೇ ಕಟ್ಟು ಹಾಕಿಕೊಂಡಿದ್ದಳು. ಹಿಂದೆ ಎಷ್ಟೋ ಮಾತ್ರೆಗಳ ಮೇಲೆ ಆಸೆ ಪಟ್ಟು ಸುಸ್ತಾಗಿತ್ತು. ಆದರೂ ಆಸೆ ಕಳ್ಳಬೆಕ್ಕಿನ ಹಾಗೆ ಬರುತ್ತಿತ್ತು. ಸೋಪನ್ನು ಮೂಗಿನ ಹತ್ತಿರ ಹಿಡಿಯುವುದು, ಗಂಡನ ಅಂಗಿಯನ್ನು ಒಗೆಯುವ ಮುಂಚೆ ಒಂದು ಗಳಿಗೆ ಮುಖಕ್ಕೆ ಒತ್ತಿಕೊಳ್ಳುವುದು. ಏನಿಲ್ಲ, ಏನಿಲ್ಲ. ಒಂದು ದಿನ ಅಂಗಡಿಯಲ್ಲಿ ಬಿಸಿಮರಳಿನಿಂದ ಫ್ರೇಮನ್ನು ಎತ್ತುವಾಗ ಏನೋ ಒಂದು, ಚೂಪಾದ, ಕಹಿಯಾದ ಎಳೆ ಮೂಗಿನೊಳಗೆ ಹಾದುಹೋಯಿತು. ನೋವೆಂದುಕೊಂಡಳು. ಮತ್ತೆ ಮರಳಿನ ಮೇಲೆ ಬಾಗಿದಳು. ಅದು ನೋವಲ್ಲ, ಕಾದ ಪ್ಲಾಸ್ಟಿಕ್ಕು. ಜಗತ್ತಿನಲ್ಲಿ ಇಷ್ಟೆಲ್ಲ ಇರುವಾಗ ಮೊದಲು ಬಂದದ್ದು ಇದು. ಯಜಮಾನ ಏನಾಯಿತೆಂದು ಕೇಳಿದ್ದಕ್ಕೆ ಕಣ್ಣಿಗೆ ಮರಳು ಬಿತ್ತು ಎಂದಳು.

ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಹೊರಟುಹೋದೀತು ಎನ್ನುವ ಭಯ. ದಿನಕ್ಕೊಂದು ವಾಸನೆ, ಒಂದೊಂದು ದಿನ ಒಂದೂ ಇಲ್ಲ. ಬಂದವೂ ಕೆಲವು ಕೆಟ್ಟುಹೋಗಿ ಬರುತ್ತಿದ್ದವು, ಒಳ್ಳೆಯ ಹಣ್ಣು ಸುಟ್ಟ ರಬ್ಬರಿನ ಹಾಗೆ. ಒಂದು ಭಾನುವಾರ ಗಂಡ ಎಣ್ಣೆ ಮೆತ್ತಿದ ಕೈಯಿಂದ ನೀರಿನ ಲೋಟ ಕೊಟ್ಟಾಗ ಗ್ರೀಸು ಬೇರೆ, ಅವನು ಬೇರೆ ಎಂದು ಎರಡೂ ಬಿಡಿಬಿಡಿಯಾಗಿ ಬಂದವು, ಅವನದು ಮದುವೆಯ ಹೊಸದರಲ್ಲಿ ಇದ್ದ ಹಾಗೆಯೇ. ಲೋಟ ಹಿಡಿದು ನಿಂತಳು. ಅವನು ಅವಳ ಮುಖ ನೋಡಿದ, ಏನೋ ಅರ್ಥವಾಯಿತೆಂಬಂತೆ ಕಾಣಿಸಿತು, ಕೆಟ್ಟಿದ್ದ ರೇಡಿಯೋ ಬಿಚ್ಚಲು ಹೋದ.

ಅದೇ ಸಂಜೆ ಮಗಳು ಮೈದಾನದಿಂದ ಬಂದಳು. ಮುಖ ಕೆಂಪಾಗಿತ್ತು, ಕಾಲಿಗೆಲ್ಲ ಧೂಳು. ಎಂದಿನಂತೆ ಅಮ್ಮನನ್ನು ದಾಟಿ, ಎರಡು ಮಾರು ದೂರದಿಂದಲೇ ದಾಟಿ, ಬಚ್ಚಲಿನ ಕಡೆ ನಡೆದಳು. ಸ್ನಾನ ಆಮೇಲೆ ಮಾಡು ಎಂದಳು ಅವಳು. ಮಗಳು ನಿಂತಳು. ಅಮ್ಮ ಸೋಪನ್ನೂ ಅಂಗಿಯನ್ನೂ ಮೂಸಿ ನೋಡುತ್ತಿದ್ದುದನ್ನು ಅವಳು ಕಂಡಿದ್ದಳು. ಹೆದರಿಕೆಯೋ, ಇನ್ನೇನೋ, ಬಾಗಿಲಿನ ಚೌಕಟ್ಟಿಗೆ ಭುಜ ಆನಿಸಿಕೊಂಡು ಸ್ವಲ್ಪ ಹೊತ್ತು ಇದ್ದಳು. ಆಮೇಲೆ ಬಂದು, ಅಮ್ಮ ಕೂತಿದ್ದ ಕುರ್ಚಿಯ ಮುಂದೆ ನೆಲದ ಮೇಲೆ ಬೆನ್ನು ಮಾಡಿ ಕೂತು, ಬೂಟಿನ ದಾರ ಬಿಚ್ಚತೊಡಗಿದಳು. ಇವತ್ತು ತುಂಬಾ ಓಡಿದೀನಿ ಎಂದು ಎಚ್ಚರಿಸಿದಳು, ದಾರ ನೋಡುತ್ತಲೇ. ಅವಳು ಬಾಗಿದಳು. ನೆತ್ತಿಯ ಬೈತಲೆ ಹತ್ತಿರವಾಗುತ್ತಿದ್ದಂತೆ ಕತ್ತು ಅಭ್ಯಾಸಬಲದಿಂದ ಪಕ್ಕಕ್ಕೆ ಎಳೆಯಿತು. ಅದನ್ನು ತಡೆದು ಮುಖ ಇಳಿಸಿದಳು. ಬಿಸಿಲು ಹೀರಿದ ಕೂದಲು ಇನ್ನೂ ಬೆಚ್ಚಗಿತ್ತು. ಏನೂ ಬರಲಿಲ್ಲ. ಬೂಟಿನ ದಾರದ ಮೇಲೆ ಬೆರಳುಗಳು ನಿಂತುಹೋಗಿದ್ದವು. ಆಮೇಲೆ ಬಲಗಡೆಯಿಂದ, ನಿಧಾನವಾಗಿ, ಬೆವರು ಬಂತು, ಉಪ್ಪುಪ್ಪಾಗಿ. ಧೂಳು ಬಂತು. ಅವುಗಳ ಅಡಿಯಲ್ಲಿ, ಇನ್ನೂ ಅಡಿಯಲ್ಲಿ, ಯಾವುದರ ಹಾಗೂ ಇಲ್ಲದ ಒಂದು. ಎದೆಯ ಮೇಲೆ ಮಲಗಿ ನಿದ್ದೆ ಹೋಗುತ್ತಿದ್ದ ಆ ಮಗುವಿನದಲ್ಲ ಇದು; ಆ ಮಗುವಿನ ವಾಸನೆ ಆ ಮಗುವಿನ ಜೊತೆಗೇ ಹೋಯಿತು, ಅದು ಹೇಗಿತ್ತೆಂದು ಇನ್ನೆಂದೂ ತಿಳಿಯುವ ಹಾಗಿಲ್ಲ. ಇದು ಓಡಿ ಬಂದ, ಬೆನ್ನು ಬಿಗಿಹಿಡಿದು ತೀರ್ಪಿಗೆ ಕಾಯುತ್ತಿರುವ, ದೊಡ್ಡ ಹುಡುಗಿಯೊಬ್ಬಳದು. ಇವಳನ್ನು ಗುರುತಿಸಲು ತನ್ನಲ್ಲಿ ಯಾವ ನೆನಪೂ ಇರಲಿಲ್ಲ, ಇವತ್ತಿನಿಂದ ಇರುತ್ತದೆ.

“ಹೇಗಿದೆ?” ಎಂದಳು ಮಗಳು, ತಿರುಗದೆ.

“ಗೊತ್ತಾಗ್ಲಿಲ್ಲ,” ಎಂದಳು. ಗೊತ್ತಾಗಿತ್ತು. “ಅಲ್ಲಾಡಬೇಡ. ಇನ್ನೊಂದ್ಸಲ ನೋಡ್ತೀನಿ.”